ಮಂದಿ ಹೆಚ್ಚು, ಕೈ ಕಡಿಮೆ

ಸಂಭಾಜಿನಗರದ ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಯಾರೋ ದಿನವೂ ಜೋಳದ ರೊಟ್ಟಿ ಬಡಿಯುತ್ತಾರೆ. ಗೋಡೆಯಾಚೆಯ ಆ ಸದ್ದಿಗೆ ಹಿತವಾದ ನೆನಪು ಏಳಬೇಕಿತ್ತು. ನನಗೆ ಏಳುವುದು ಸಿಟ್ಟು. ನಾಸಿಕದ ನಮ್ಮ ವಾಡೆ, ಆ ಹಳೆಯ ದೊಡ್ಡ ಮನೆ, ಈಗಿಲ್ಲ. ಅಲ್ಲಿ ಕಾರು ನಿಲ್ಲಿಸುತ್ತಾರೆ. ಆಗ ನಡುವೆ ಅಂಗಳ, ಹೊಗೆ ಹಿಡಿದ ಅಡುಗೆಮನೆ, ಹಿಟ್ಟಿನ ಧೂಳು ಕೂತ ಕಿಟಕಿ. ಬೀದರಿನ ಬಂಧುಗಳು ತ್ರ್ಯಂಬಕೇಶ್ವರಕ್ಕೆ ಹೊರಟರೆಂದರೆ ನಮ್ಮಲ್ಲಿ ಇಳಿದು, ಸ್ನಾನ ಊಟ ಮುಗಿಸಿ, ದಾರಿಗೆ ರೊಟ್ಟಿಯ ಬುತ್ತಿ ಕಟ್ಟಿಸಿಕೊಂಡೇ ಹೋಗುವುದು ರೂಢಿ. ಬುತ್ತಿಯಿಲ್ಲದೆ ಕಳಿಸಿದರೆ ಮನೆತನಕ್ಕೇ ಕುಂದು. ಹೆಂಡತಿ ತೀರಿಕೊಂಡ ದೊಡ್ಡಪ್ಪ ಮನೆಯ ಯಜಮಾನ. ರೊಟ್ಟಿ ಬಡಿಯುವವರು ಅವ್ವ ಮತ್ತು ಅಕ್ಕ, ಇಬ್ಬರೇ.

ಎಂಟನೆಯ ತರಗತಿಯ ಗಣಿತದಲ್ಲಿ ಒಂದು ಬದಲಾದಂತೆ ಇನ್ನೊಂದು ಬದಲಾಗುವ ಚಲನದ ಪಾಠ ನನ್ನ ತಲೆಗೆ ಹತ್ತದಿದ್ದಾಗ, ಹತ್ತನೆಯದರಲ್ಲಿದ್ದ ಅಕ್ಕ ಒಲೆಯ ಮುಂದೆಯೇ ಕಲಿಸಿದಳು.

"ಮಂದಿ ಹೆಚ್ಚಾದಂಗ ವೇಳೆ ಹೆಚ್ಚು, ಇದು ಸಮಚಲನ. ಬಡಿಯೋ ಕೈ ಹೆಚ್ಚಾದಂಗ ವೇಳೆ ಕಡಿಮಿ, ಇದು ವ್ಯಸ್ತ. ಎರಡೂ ಕೂಡೇ ನಡದ್ರ ಸಂಯುಕ್ತ. ಮಂದಿ ಎರಡು ಪಟ್ಟಾಗಿ, ಕೈನೂ ಎರಡು ಪಟ್ಟಾದ್ರ ವೇಳೆ ಎಷ್ಟು?"

"ಮೊದಲಿನಷ್ಟೇ."

"ಶಾಣ್ಯಾ! ನಮ್ಮ ಮನ್ಯಾಗ ಮಂದಿ ಅಷ್ಟೇ ಹೆಚ್ಚಾಗ್ತಾರ."

"ಮತ್ತ ಸೂತ್ರದಾಗಿನ ಈ 'ಕೆ' ಅಂದ್ರ?"

"ಬದಲಾಗದ್ದು. ದೊಡ್ಡಪ್ಪನ್ನ ನೋಡು. ಯಾರೇ ಬರಲಿ, ಕೂತ ಜಾಗ ಬಿಡಂಗಿಲ್ಲ."

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಿಜವಾಗಿ ನಕ್ಕಳೋ, ನಗಲಿ ಎಂದು ನಾನೇ ಆಮೇಲೆ ನಗಿಸಿದೆನೋ? ಸಂಶಯ ಪಡುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತ ಮೇಲೆ ನನ್ನ ನೆನಪನ್ನೂ ನಾನು ಸುಲಭಕ್ಕೆ ನಂಬುವುದಿಲ್ಲ. ಆದರೆ ಅಕ್ಕನ ಗಣಿತದ ಬೋರ್ಡ್ ಪರೀಕ್ಷೆಯ ಆ ಬೆಳಗನ್ನು ಸಂಶಯಿಸಲಾರೆ. ಡಿಪ್ಲೊಮಾ ಓದಿ ಓಝರಿನ ವಿಮಾನ ಕಾರ್ಖಾನೆ ಸೇರಬೇಕೆಂಬುದು ಅಕ್ಕನ ಆಸೆ. ಗಣಿತದಲ್ಲಿ ಪಾಸಾಗದೆ ಅದು ಆಗುವಂತಿರಲಿಲ್ಲ. ಅಂದೇ ಹೇಳದೆ ಕೇಳದೆ ಜೀಪು ತುಂಬ ಬಂಧುಗಳು ಬಂದಿಳಿದರು. ಅವ್ವನಿಗೆ ಜ್ವರ. ಅಕ್ಕ ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ದೊಡ್ಡಪ್ಪ, ಇವತ್ತು ಲೆಕ್ಕದ ಪೇಪರ್ ಅದರಿ."

"ನಿನಗ ಲೆಕ್ಕ ಬರ್ತದಲ್ಲ? ಬರೋದನ್ನೇ ಮತ್ತ ಬರದು ತೋರಸೋದೇನದ? ದೇವರಿಗೆ ಹೊಂಟ ಮಂದಿ ಉಪವಾಸ ಹೋಗಬೇಕೇನು?"

ಬಂದವರು ನಕ್ಕರು. ಅಪ್ಪ ಜೀಪಿನಿಂದ ಅವರ ಗಂಟುಗಳನ್ನು ಇಳಿಸತೊಡಗಿದರು. ಬೀದಿಯ ತಿರುವಿನಲ್ಲೇ ಉಡುಪಿಯವರ ಹೋಟೆಲಿತ್ತು. ಅಷ್ಟು ಗಂಡಸರಲ್ಲಿ ಒಬ್ಬನಾದರೂ ಎದ್ದು ಅಲ್ಲಿಂದ ಪೂರಿ ತರುತ್ತೇನೆ ಎನ್ನಲಿಲ್ಲ. ಅಕ್ಕ ಸಮವಸ್ತ್ರದ ತೋಳು ಮಡಚಿ ಹಿಟ್ಟಿನ ಮುಂದೆ ಕೂತಳು. ಮುಂದಿನ ಸಲ ಬರೆದರಾಯಿತು ಎಂದರು ಹಿರಿಯರು. ಮುಂದಿನ ಸಲಕ್ಕೆ ಅವಳ ಮದುವೆಯಾಗಿತ್ತು.

ಆ ಹಿರಿಯರೆಲ್ಲ ಈಗ ತೀರಿಕೊಂಡಿದ್ದಾರೆ. ಹೋದವರನ್ನು ಬೈಯಬಾರದೆನ್ನುತ್ತಾರೆ, ನಾನು ಬೈಯುತ್ತೇನೆ. ಮೊನ್ನೆ ಮನ್ಮಾಡಿನಲ್ಲಿರುವ ಅಕ್ಕನ ಮನೆಗೆ ಹೋದಾಗಲೂ ಅದನ್ನೇ ತೆಗೆದು ಕೂಗಾಡಿದೆ. ಅವಳು ತಡೆಯಲಿಲ್ಲ. ನಾನು ದಣಿದ ಮೇಲೆ, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದಳು:

"ಆ ಪೇಪರ್‌ನಾಗ ಏನೇನು ಕೇಳಿದ್ರೋ, ನನಗ ಇವತ್ತಿಗೂ ಗೊತ್ತಿಲ್ಲ ನೋಡು."