ಇಸ್ತ್ರಿಯವನು ಹೆಣೆದ ಜಡೆ

ನಾದಿನಿ ಬರುವಾಗಲೇ ಕತ್ತರಿ ತಂದಿದ್ದಳು. ಕೂದಲಿನ ಕತ್ತರಿಯಲ್ಲ, ಬಟ್ಟೆಯದು. ಅವಳು ಟೈಲರ್. ದಪ್ಪ ಕೋಟಿನ ಬಟ್ಟೆಯನ್ನು ಮಡಿಸಿ ಕೊಟ್ಟರೂ ಒಂದೇ ಸಲಕ್ಕೆ ಕತ್ತರಿಸುವಂಥ ಕತ್ತರಿ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಠಣ್ ಅಂತ ಇಟ್ಟಳು.

"ಅತ್ತಿಗೆ, ಇವತ್ತು ಆಗಲೇಬೇಕು. ತಲೆ ಮೇಲೆ ಹಕ್ಕಿಗೂಡು ಇಟ್ಕೊಂಡು ಇನ್ನೆಷ್ಟು ದಿನ ಓಡಾಡ್ತೀರಿ?"

"ಹಕ್ಕಿ ಬಂದು ಮೊಟ್ಟೆ ಇಡೋವರೆಗೂ."

"ಇಡುತ್ತೆ, ಇಡುತ್ತೆ. ಮರಿ ಆದ್ರೆ ನನ್ನನ್ನ ಕರೀಬೇಡಿ."

ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. ಗೋಡೆಗೆ ಬೆನ್ನು ಕೊಟ್ಟು ನಿಂತಳು. ಜಡೆ ಕತ್ತರಿಯ ಕಣ್ಣಿಗೆ ಬೀಳದಿರಲಿ ಎಂಬಂತೆ.

ಆ ಜಡೆ ಹೆಣೆದವನು ಅವಳ ಗಂಡ. ಬೆಳಿಗ್ಗೆ ಹೆಣೆದು ಕೆಲಸಕ್ಕೆ ಹೋದ. ಮಧ್ಯಾಹ್ನ ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟ. ಮತ್ತೆ ಎತ್ತಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಆಗ ಚಳಿ ಇತ್ತು. ಈಗ ಸೆಕೆ ಬಂದಿದೆ. ಜಡೆ ಹಾಗೇ ಇದೆ. ಅವಳು ತಲೆಗೆ ನೀರು ಹಾಕಿಕೊಂಡಳು, ಜಡೆ ಬಿಚ್ಚಲಿಲ್ಲ. ಒದ್ದೆ ಜಡೆಯ ಮೇಲೆಯೇ ಮಲಗಿದಳು, ಹೊರಳಾಡಿದಳು. ಎಳೆಗೆ ಎಳೆ ಅಂಟಿ ಹಳೇ ಕಂಬಳಿಯಂತೆ ಗಟ್ಟಿಯಾಯಿತು. ಈಗ ಅದರೊಳಗೆ ಬೆರಳು ಹೋಗುವುದಿಲ್ಲ. ಕತ್ತು ತಿರುಗಿಸಿದರೆ ಬುಡ ಎಳೆಯುತ್ತದೆ. ಹಗಲೆಲ್ಲ ಕಡಿತ.

ಕತ್ತರಿಸಿದರೆ ಅವನು ಹೆಣೆದದ್ದು ಹೋಗುತ್ತದೆ. ಬಿಚ್ಚಿದರೂ ಹೋಗುತ್ತದೆ. ಬಿಟ್ಟರೆ ಕೊಳೆಯುತ್ತದೆ. ಅವಳಿಗೆ ಇದ್ಯಾವುದೂ ಬೇಡ. ಬೇರೆ ದಾರಿಯೂ ಇಲ್ಲ.

ಅವನು ಲಾಂಡ್ರಿಯ ಹಿಂದಿನ ಕೋಣೆಯ ಮನುಷ್ಯ. ಮುಂದೆ ಕೌಂಟರಿನಲ್ಲಿ ಮಾಲೀಕ ಫ್ಯಾನಿನ ಗಾಳಿಗೆ ಕೂತು ನಗುತ್ತಿದ್ದ. ಹಿಂದೆ ಇವನು ಹಬೆಯಲ್ಲಿ ಬೇಯುತ್ತಿದ್ದ. ಬಾಯ್ಲರಿನಿಂದ ಬರುವ ಕೊಳವೆ, ಅದರ ತುದಿಗೆ ಹಬೆಯ ಇಸ್ತ್ರಿಪೆಟ್ಟಿಗೆ, ಉದ್ದ ಮೇಜು, ಗೋಡೆಯುದ್ದಕ್ಕೂ ಹ್ಯಾಂಗರು. ಬಲಗೈ ತುಂಬ ಹಬೆ ತಾಗಿದ ಕಲೆ. ವಕೀಲರ ಕರಿ ಕೋಟು, ಆಸ್ಪತ್ರೆಯ ಬಿಳಿ ಕೋಟು, ಮದುಮಗನ ಅಂಗಿ, ಎಲ್ಲವೂ ಅವನ ಕೈಕೆಳಗೆ ಮಲಗಿ ಎದ್ದು ಹೋದವೇ. "ಊರಿನ ದೊಡ್ಡೋರು ನೆಟ್ಟಗೆ ಕಾಣ್ತಾರಲ್ಲ, ಅದು ಅವರ ಬೆನ್ನುಮೂಳೆಯಿಂದ ಅಲ್ಲ ಕಣೇ," ಎನ್ನುತ್ತಿದ್ದ. ಅವನಿಗೆ ದುಡ್ಡಿನ ಜಂಭ ಇರಲಿಲ್ಲ, ದುಡ್ಡೇ ಇರಲಿಲ್ಲ. ಕೈಯ ಜಂಭ ಮಾತ್ರ ಬೇಕಾದಷ್ಟಿತ್ತು.

ಅವಳ ಕೂದಲು ಮೊದಲಿನಿಂದಲೂ ಒರಟು. ಉದ್ದ ಇತ್ತು, ದಟ್ಟ ಇತ್ತು, ಮುಟ್ಟಿದರೆ ಪೊರಕೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳು ಅಳು ನುಂಗಿಕೊಂಡು ಒಣ ಕೂದಲನ್ನು ಬಾಚುತ್ತಿದ್ದಳು. ಬಾಚಣಿಗೆಯ ಹಲ್ಲು ಮುರಿದು ನೆಲಕ್ಕೆ ಬಿತ್ತು. ಅವನು ಬಾಗಿಲಲ್ಲೇ ನಿಂತ.

"ಲೇ, ಒಣ ಬಟ್ಟೆ ಮೇಲೆ ಯಾರಾದ್ರೂ ಇಸ್ತ್ರಿ ಎಳೀತಾರಾ? ಮೊದಲು ಹಬೆ, ಆಮೇಲೆ ಕೈ. ಕೂತ್ಕೋ."

"ರೀ, ಇದು ತಲೆ. ನಿಮ್ಮ ಗಿರಾಕಿ ಪ್ಯಾಂಟಲ್ಲ."

"ಪ್ಯಾಂಟು ಇಷ್ಟು ಮಾತಾಡಲ್ಲ."

ಅಂದು ಅವನು ಮಾಡಿದ ತಪ್ಪನ್ನು ಇಸ್ತ್ರಿಯವನಲ್ಲದೆ ಬೇರೆ ಯಾರೂ ಮಾಡಲಾರರು. ಮನೆಯ ಕಪಾಟಿನಲ್ಲಿ ಲಾಂಡ್ರಿಯಿಂದ ತಂದ ಎರಡು ಸ್ಪ್ರೇ ಬಾಟಲಿಗಳಿದ್ದವು. ಒಂದರಲ್ಲಿ ಕೂದಲಿನ ಕಂಡಿಷನರನ್ನು ನೀರಿಗೆ ಕದಡಿ ತುಂಬಿದ್ದ. ಇನ್ನೊಂದರಲ್ಲಿ ಕಾಲರಿಗೆ ಹೊಡೆಯುವ ಗಂಜಿ. ಎರಡೂ ತೆಳ್ಳಗೆ, ಬೆಳ್ಳಗೆ. ಅವನು ಗಂಜಿಯನ್ನು ಎತ್ತಿಕೊಂಡ. ಬುಡದಿಂದ ತುದಿವರೆಗೆ ಪ್ರೀತಿಯಿಂದ ಹೊಡೆದ. ಹಬೆಯಾಡುವ ಟವೆಲು ಸುತ್ತಿದ. ಆರಿದ ಮೇಲೆ ಬಿಚ್ಚಿ ನೋಡಿದರೆ ಕೂದಲು ತಗಡಾಗಿ ನಿಂತಿತ್ತು. ಅವಳು ತಲೆ ತಿರುಗಿಸಿದಳು, ಅದು ಬಾಗಿಲಿನ ಹಾಗೆ ಒಟ್ಟಿಗೆ ತಿರುಗಿತು.

ಪಕ್ಕದ ಮನೆಯಲ್ಲಿ ಬಸ್ ಕಂಡಕ್ಟರ್ ಕೆಲಸದ ಹೆಂಗಸೊಬ್ಬಳಿದ್ದಳು. ದಿನವಿಡೀ ಜನರ ಮೇಲೆ ಕೂಗಿ ಕೂಗಿ ಮನೆಯಲ್ಲೂ ಅವಳಿಗೆ ಮೆಲ್ಲಗೆ ಮಾತು ಬಾರದು. ನಲ್ಲಿಯ ಹತ್ತಿರ ನೋಡಿದವಳೇ ಕೂಗಿದಳು: "ಇದೇನಮ್ಮ, ತಲೆಗೆ ಶೀಟ್ ಹಾಕಿಸ್ಕೊಂಡ್ಯಾ? ಸೋರ್ತಿತ್ತಾ?"

ವರಾಂಡದುದ್ದಕ್ಕೂ ನಗು. ಅವಳು ಮನೆಗೆ ಓಡಿಬಂದು ಗಂಡನ ಮೇಲೆ ಚೊಂಬು ಎತ್ತಿದಳು. ಅವನು ಬಾಟಲಿ ಮೂಸಿ ನೋಡಿ ತಲೆ ಮೇಲೆ ಕೈಹೊತ್ತು ಕೂತಿದ್ದ. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಗಂಜಿ ಹೌದು. ಆದ್ರೆ ನೋಡು, ಕೆಲಸ ಹೇಗೆ ಬಂದಿದೆ. ಒಂದೇ ಒಂದು ಸುಕ್ಕಿಲ್ಲ."

ಆಮೇಲೆ ಬಾಟಲಿ ಮೂಸದೆ ಅವನು ಅವಳ ತಲೆ ಮುಟ್ಟಿದ್ದಿಲ್ಲ. ರಜೆಯ ದಿನ ಬಂತೆಂದರೆ ಒಲೆಯ ಮೇಲೆ ಅಗಲ ಪಾತ್ರೆ, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯಲ್ಲಿ ಹಿಂಡಿದ ಟವೆಲು. ಅಡುಗೆಮನೆ ಚಿಕ್ಕದು. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಬಾಗಿಲು ತೆರೆದೇ ಇರುತ್ತಿತ್ತು, ಗಂಡಸೊಬ್ಬ ಹೆಂಡತಿಯ ತಲೆಗೆ ಹಬೆ ಕೊಡುವುದು ವರಾಂಡಕ್ಕೆಲ್ಲ ಕಾಣುತ್ತಿತ್ತು. ಅವನಿಗೆ ಹಬೆರಾಯ ಎಂದು ಹೆಸರಿಟ್ಟರು. ಹಾಗೆ ಕರೆದರೆ ಅವನು ಓ ಎನ್ನುತ್ತಿದ್ದ.

ಹೆಚ್ಚು ಆಡಿಕೊಂಡವಳು ಈ ನಾದಿನಿಯೇ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನಾಚಿಕೆ ಆಗಲ್ವಾ ಅಣ್ಣ? ನನ್ನ ಅಂಗಡಿಗೆ ಬರೋರೆಲ್ಲ ನಗ್ತಾರೆ."

"ಊರ ಗಂಡಸರ ಕಾಲರಿಗೆ ಕೊಡೋ ಹಬೇನ ನನ್ನ ಹೆಂಡ್ತಿಗೆ ಕೊಟ್ಟರೆ ನಾಚಿಕೆ ಯಾಕೆ? ನೀನೂ ಬಾ, ಕೂತ್ಕೋ. ನಿನ್ನ ಇಲಿಬಾಲಕ್ಕೂ ಒಂದು ಗತಿ ಕಾಣಿಸ್ತೀನಿ."

"ನನಗೆ ಮರ್ಯಾದೆ ಇದೆ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಿದ್ದಳು.

ಪೊರಕೆ ಮೆತ್ತಗಾಯಿತು. ಒಂದು ದಿನದಲ್ಲಲ್ಲ, ವರ್ಷ ಹಿಡಿಯಿತು. ಆಮೇಲೆ ಪಿನ್ನು ನಿಲ್ಲದಷ್ಟು ಜಾರಿತು, ಸೊಂಟ ದಾಟಿತು. ಸ್ನಾನ ಮಾಡಿ ಕೂದಲು ಇಳಿಬಿಟ್ಟುಕೊಂಡು ವರಾಂಡದಲ್ಲಿ ನಡೆಯುವಾಗ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಯಾರೂ ನಗಲಿಲ್ಲ. ಶೀಟ್ ಎಂದು ಕೂಗಿದ್ದ ಕಂಡಕ್ಟರಮ್ಮ ಒಂದು ದಿನ ತಾನೇ ಟವೆಲು ಹಿಡಿದು ಬಂದಳು. ಅವನು ಹೇಳಿಕೊಟ್ಟ. ತನ್ನ ಕೈ ಮಾತ್ರ ಮನೆಯ ತಲೆಗಷ್ಟೇ ಎಂದ.

ಅಂಥ ಕೂದಲು ಈಗ ಕಂಬಳಿ.

ನಾದಿನಿ ಅವಳ ಹೆಗಲು ಹಿಡಿದು ಗೋಡೆಯ ಕಡೆ ತಿರುಗಿಸಿ ಜಡೆಯ ತುದಿ ಹಿಡಿದುಕೊಂಡಳು. ತುದಿಯಲ್ಲಿ ಬಿಳಿ ಪಟ್ಟಿ. ಲಾಂಡ್ರಿಯಲ್ಲಿ ಮಡಿಸಿದ ಬಟ್ಟೆಯ ಗಂಟು ಕಟ್ಟುವ ಪಟ್ಟಿ ಅದು. ಅವನು ಹೆಂಡತಿಯ ಜಡೆಗೂ ಅದನ್ನೇ ಕಟ್ಟುತ್ತಿದ್ದ. ನಾದಿನಿಯ ಕೈ ನಿಂತಿತು.

"ಇದು ಅಣ್ಣನ ಗಂಟು."

"ಮುಟ್ಟಬೇಡ."

"ಒಂದು ತುದಿ ಎಳೆದ್ರೆ ಸಾಕು ಅತ್ತಿಗೆ, ಬಿಚ್ಚುತ್ತೆ. ನನಗೂ ಅವನೇ ಕಲಿಸಿದ್ದು. ಬಿಚ್ಚೋಕೆ ಬರದ ಗಂಟು ಗಂಟಲ್ಲ, ಅದು ಜಗಳ ಅಂತಿದ್ದ."

ಅವಳಿಗೆ ಆ ಮಾತು ಗೊತ್ತು. ಗಿರಾಕಿ ಮನೆಗೆ ಹೋಗಿ ಒಂದೇ ಎಳೆತಕ್ಕೆ ಬಿಚ್ಚಬೇಕು, ಹಲ್ಲು ಕಚ್ಚಬಾರದು, ಬೈಯಬಾರದು. ಹಾಗೆ ಕಟ್ಟುತ್ತಿದ್ದ. ಬಿಚ್ಚಲೆಂದೇ ಕಟ್ಟುತ್ತಿದ್ದ. ರಜೆಯ ದಿನ ಜಡೆ ಬಿಚ್ಚುವವನೂ ಅವನೇ ಆಗಿದ್ದ.

ಅವಳು ಕೈ ಹಿಂದಕ್ಕೆ ತಂದು ಪಟ್ಟಿಯ ತುದಿಯನ್ನು ತಾನೇ ಎಳೆದಳು. ಬಿಚ್ಚಿತು. ಪಟ್ಟಿ ಕೈಗೆ ಬಂತು. ಜಡೆ ಮಾತ್ರ ಮಿಸುಕಲಿಲ್ಲ.

"ಆ ಕತ್ತರಿ ಬ್ಯಾಗಿಗೆ ಹಾಕು. ಒಲೆ ಹಚ್ಚು," ಎಂದಳು.

"ನಾನಾ? ನನಗೆ ಬರಲ್ಲ."

"ನನ್ನ ಬೆನ್ನಿಗೆ ಕಣ್ಣಿಲ್ಲ. ನಾನು ಹೇಳ್ತೀನಿ, ನೀನು ಮಾಡು."

ನೀರು ಕುದಿಯಿತು. ಅವಳು ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಜಡೆಯನ್ನು ಹಾಗೇ ತೊಳೆದು ಒದ್ದೆ ಮಾಡಿಕೊಂಡಿದ್ದಳು. ನಾದಿನಿ ಕಪಾಟಿನಿಂದ ಬಾಟಲಿ ತಂದಳು, ಹೊಡೆಯಹೋದವಳು ಕೈ ತಡೆದಳು. ಬಾಟಲಿಯನ್ನು ಅತ್ತಿಗೆಯ ಮೂಗಿನ ಹತ್ತಿರ ಹಿಡಿದಳು.

"ಇದು ಅದಲ್ಲ ತಾನೇ?"

ಮೂಸಿದಳು. "ಅಲ್ಲ. ಹೊಡಿ. ಒಂದು ಚಮಚ ಎಣ್ಣೆ ಬೇರೆ ಹಚ್ಚು. ಬುಡಕ್ಕೆ ಬೇಡ, ತುದಿಗೆ."

ಹಬೆಯಿಂದ ತೆಗೆದ ಟವೆಲನ್ನು ನಾದಿನಿ ಹಾಗೇ ತಲೆಗೆ ತಂದಳು.

"ಅಯ್ಯೋ, ಕೊಲ್ತೀಯಾ? ಕೊಡವು. ಮೊದಲು ನಿನ್ನ ಮಣಿಕಟ್ಟಿಗೆ ಮುಟ್ಟಿಸು. ನಿನಗೆ ತಡೆದ್ರೆ ನನಗೂ ತಡೆಯುತ್ತೆ."

ಮುಟ್ಟಿಸಿದಳು. ಸುತ್ತಿದಳು. ಶಾಖ ಉಳಿಯಲೆಂದು ಮೇಲೊಂದು ಒಣ ಟವೆಲು ಬಿಗಿದಳು. ಅದು ತಣ್ಣಗಾದರೆ ತೆಗೆದು ಇನ್ನೊಂದು. ಅಡುಗೆಮನೆ ಹಬೆಯಲ್ಲಿ ಮುಳುಗಿತು. ಕಿಟಕಿಯ ಗಾಜು ಬೆವರಿತು. ಇಬ್ಬರ ಮೂಗೂ ಸುರಿಯಿತು. ಹಬೆಯಲ್ಲಿ ಯಾರ ಮುಖ ಯಾಕೆ ಒದ್ದೆಯಾಗಿದೆ ಎಂದು ಕೇಳುವವರಿಲ್ಲ.

ತುದಿ ಸಡಿಲವಾಯಿತು. ನಾದಿನಿ ಬಾಚಣಿಗೆ ಮುಟ್ಟಲಿಲ್ಲ. ಬ್ಯಾಗಿನಿಂದ ಗೋಣಿಸೂಜಿ ತೆಗೆದಳು. ಮೊನೆಯನ್ನು ಅಂಗೈಯಲ್ಲಿ ಹಿಡಿದು, ದಾರ ಪೋಣಿಸುವ ಮೊಂಡು ತುದಿಯಿಂದ ಒಂದೊಂದೇ ಎಳೆ ಬಿಡಿಸಿದಳು. "ತಪ್ಪು ಹೊಲಿಗೆ ಬಿಚ್ಚೋದು ನನ್ನ ಕಸುಬು," ಎಂದಳು. ತುದಿಯಿಂದ ಮೇಲಕ್ಕೆ, ಸ್ವಲ್ಪ ಸ್ವಲ್ಪ. ಅಲ್ಲಿಯವರೆಗೂ ಸರಾಗ. ಕತ್ತಿನ ಹತ್ತಿರ ಮುಷ್ಟಿಯಷ್ಟು ಗಂಟು. ಅಲ್ಲಿ ಸೂಜಿಯೂ ನಿಂತಿತು. ಮತ್ತೆ ಹಬೆ ಕೊಟ್ಟಳು, ಎಳೆದಳು. ಬರಲಿಲ್ಲ. ಕೈ ಬ್ಯಾಗಿನ ಕಡೆ ಹೋಯಿತು. ಕತ್ತರಿಯ ಸದ್ದು ಅವಳಿಗೆ ಕೇಳಿಸಿತು.

"ಇಷ್ಟೇ ಇಷ್ಟು ಅತ್ತಿಗೆ. ಇದೊಂದು ತೆಗೆದ್ರೆ..."

"ಇದೊಂದು ತೆಗೆದ್ರೆ ಕೆಳಗಿರೋದೆಲ್ಲ ಕೈಗೆ ಬರುತ್ತೆ. ಬೇಡ."

"ನನಗೆ ಅಣ್ಣನ ಕೈ ಇಲ್ಲ."

"ನಿಮ್ಮಣ್ಣನೂ ಅದನ್ನ ತಾಯಿ ಹೊಟ್ಟೆಯಿಂದ ತಂದಿರಲಿಲ್ಲ. ತಲೆಗೆ ಗಂಜಿ ಹೊಡೆದೋರು ಅವರು."

ನಾದಿನಿ ನಗು ತಡೆದಳು, ತುಟಿ ಕಚ್ಚಿದಳು, ಆಗಲಿಲ್ಲ. ಬುಸ್ಸೆಂದು ನಕ್ಕಳು. "ಆ ಕಂಡಕ್ಟರಮ್ಮ ಏನಂದಿದ್ದು? ಸೋರ್ತಿತ್ತಾ?" ಅವಳೂ ನಕ್ಕಳು. ಅವನು ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು. ನಕ್ಕು ನಕ್ಕು ಇಬ್ಬರೂ ಕೆಮ್ಮಿದರು.

"ಸುಕ್ಕಿಗೆ ಶಾಖ ಕೊಡು, ಹೊತ್ತು ಕೊಡು, ಆಮೇಲೆ ಕೈ ಹಾಕು ಅಂತಿದ್ರು," ಎಂದಳು ಅವಳು. "ನೀನು ಹೊತ್ತು ಕೊಡ್ತಾ ಇಲ್ಲ. ಸುತ್ತು, ಕೂತ್ಕೋ. ಆರೋವರೆಗೂ ಮುಟ್ಟಬೇಡ."

ಸುತ್ತಿದಳು, ಕೂತಳು. ಟವೆಲು ತಾನಾಗಿ ಆರಿತು. ಆಮೇಲೆ ಸೂಜಿ ಹಾಕಿದರೆ ಗಂಟಿನ ಅಂಚಿನಲ್ಲಿ ಒಂದು ಎಳೆ ಬಂತು. ಹಿಂದೆಯೇ ಮತ್ತೊಂದು. ಬಿಸಿಲು ಕಿಟಕಿ ಬಿಟ್ಟು ಹೋಗುವ ಹೊತ್ತಿಗೆ ಗಂಟು ಇರಲಿಲ್ಲ. ಉದುರಿದ ಕೂದಲು ಒಂದು ಹಿಡಿ ಬಂತು. ಅದನ್ನು ಸುತ್ತಿ ಎಸೆದರು. ಉಳಿದದ್ದು ಸೊಂಟದವರೆಗೂ ಇತ್ತು.

ನಾದಿನಿ ಕೂದಲನ್ನು ಎರಡು ಭಾಗ ಮಾಡಿ ಅವಳ ಮುಂದಕ್ಕೆ ಹಾಕಿದಳು. ಕೂದಲಿನುದ್ದಕ್ಕೂ ಅಲೆ ಅಲೆ. ಹೆಣೆದದ್ದು ಬಿಚ್ಚಿದ ಮೇಲೂ ಜಡೆಯ ಮಡಿಕೆ ಅಷ್ಟಿಷ್ಟು ಉಳಿದಿತ್ತು. ಅವನ ಬೆರಳು ಎಲ್ಲೆಲ್ಲಿ ಬಿಗಿ ಹಿಡಿದಿತ್ತೋ ಅಲ್ಲಲ್ಲಿ.

"ತಣ್ಣೀರಲ್ಲಿ ತೊಳೆದ್ರೆ ಇದು ಹೋಗುತ್ತಲ್ವಾ?" ನಾದಿನಿಯ ದನಿ ಇಳಿಯಿತು. "ಬಿಡಲಾ ಹೀಗೇ?"

ಅವಳು ಅಲೆಯ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗೆ ಒಂದು ಸಲ.

"ತೊಳಿ. ಸುಕ್ಕು ಇರೋ ಬಟ್ಟೆ ಅವರ ಕೈಯಿಂದ ಯಾವತ್ತೂ ಆಚೆ ಹೋಗಿಲ್ಲ."

ತೊಳೆದಳು. ಕೂದಲು ನೆಟ್ಟಗೆ ಇಳಿಯಿತು.

ಒಣಗಿಸಲು ಅವಳು ವರಾಂಡಕ್ಕೆ ಬಂದಳು. ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಬೀಗ ತೆಗೆಯುತ್ತಿದ್ದಳು. ತಿರುಗಿ ನೋಡಿದಳು. ಜೋರು ಬಾಯಿಯವಳು, ಮೆಲ್ಲಗೆ ಹೇಳಿದಳು: "ಹಬೆರಾಯನ ಕೆಲಸ."

"ಹೌದು," ಎಂದಳು ಅವಳು. ವರಾಂಡದ ಆ ತುದಿವರೆಗೂ ನಡೆದಳು, ತಿರುಗಿ ಬಂದಳು. ಬೇಕೆಂದೇ ನಿಧಾನವಾಗಿ.

ಒಳಗೆ ಬಂದರೆ ಸ್ಟೂಲು ಖಾಲಿ ಇರಲಿಲ್ಲ. ನಾದಿನಿ ತನ್ನ ಇಲಿಬಾಲ ಬಿಚ್ಚಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು.

"ಪಾತ್ರೇಲಿ ನೀರು ಇನ್ನೂ ಬಿಸಿ ಇದೆ," ಎಂದಳು. "ಸುಮ್ನೆ ಹಾಳಾಗುತ್ತಲ್ಲ ಅಂತ."

"ಮರ್ಯಾದೆ?"

"ಬಾಗಿಲು ಹಾಕಿ."

"ಹಾಕಲ್ಲ. ಉಸಿರು ಕಟ್ಟುತ್ತೆ."

ನಾದಿನಿ ಗೊಣಗಿದಳು, ಏಳಲಿಲ್ಲ. ಅತ್ತಿಗೆ ಒಲೆ ಜೋರು ಮಾಡಿದಳು, ಕೈಯಲ್ಲಿದ್ದ ಬಿಳಿ ಪಟ್ಟಿಯಿಂದ ತನ್ನ ಕೂದಲು ಕಟ್ಟಿಕೊಂಡಳು. ಕಪಾಟಿನ ಬಾಟಲಿ ತೆಗೆದು, ಮೊದಲು ಮೂಸಿ ನೋಡಿದಳು.