ಆಯಿ ಕೊಡದ ಮಾಫಿ

ತತ್ತಿ ಇಟ್ಟ ಕೋಳಿ ಊರಿಗೆಲ್ಲ ಡಂಗುರ ಹೊಡೆದ ಹಾಗೆ ಕೂಗುತ್ತದಲ್ಲ, ಆ ಸದ್ದು ಎಲ್ಲೇ ಕಿವಿಗೆ ಬಿದ್ದರೂ ನಾನು ರಾವೂರಿನ ನಮ್ಮ ಹಳೆಯ ಮನೆಯ ಪಡಸಾಲೆಗೆ ಹೋಗಿ ಕೂತುಬಿಡುತ್ತೇನೆ. ಬೇಸಿಗೆಯ ಮಧ್ಯಾಹ್ನ, ನೆಲದ ಫರಸಿ ಕಲ್ಲಿಗೆ ಆಗಷ್ಟೇ ನೀರು ಹೊಡೆದಿರುತ್ತಾರೆ, ಕಲ್ಲಿನಿಂದ ತಣ್ಣನೆಯ ವಾಸನೆ ಏಳುತ್ತಿರುತ್ತದೆ, ದೂರದ ಖಣಿಯಲ್ಲಿ ಸುತ್ತಿಗೆಯ ಠಣ್ ಠಣ್ ನಿಲ್ಲುವುದೇ ಇಲ್ಲ. ನಮ್ಮ ಅಂಗಳಕ್ಕೂ ಪಕ್ಕದ ಕಾಶೀಂಬಿಯ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ, ಅದೂ ಸಾಲಾಗಿ ನಿಲ್ಲಿಸಿದ ಫರಸಿಗಳದ್ದೇ. ಗೋಡೆಯ ಈಚೆ ನನ್ನ ಅಜ್ಜಿ ಶರಣಮ್ಮ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ, ಅಜ್ಜನಿಗೆ ಮುತ್ಯಾ. ಆಚೆ ಕಾಶೀಂಬಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು, ಮತ್ತು ನನಗೆ ತಿಳಿವಳಿಕೆ ಬಂದಾಗಿನಿಂದ ಮಾತು ಬಿಟ್ಟವರು.

ಜಗಳ ನಾನು ಹುಟ್ಟುವುದಕ್ಕೂ ಮುಂಚಿನದು. ಒಂದು ಬೆಳಿಗ್ಗೆ ಆಯಿ ಪೂಜೆಗೆ ಕೂತು, ಕಣ್ಣು ಮುಚ್ಚಿಕೊಂಡೇ ವಿಭೂತಿ ಬುಟ್ಟಿಗೆ ಕೈ ಹಾಕಿದಳಂತೆ. ಗುಂಡಗೆ ಕೈಗೆ ಸಿಕ್ಕಿದ್ದನ್ನು ಹಣೆಯ ಈ ತುದಿಯಿಂದ ಆ ತುದಿಗೆ ಮೂರು ಸಲ ತೀಡಿಕೊಂಡಳಂತೆ. ಬೆಚ್ಚಗಿದೆಯಲ್ಲ ಎಂದು ಕಣ್ಣು ಬಿಟ್ಟು ನೋಡಿದರೆ, ಗೋಡೆ ಹಾರಿ ಬಂದ ಕಾಶೀಂಬಿಯ ಕೋಳಿ ಇಟ್ಟ ತತ್ತಿ! ಆಯಿ ಅದನ್ನು ಹಿಡಿದುಕೊಂಡೇ ಗೋಡೆಯ ಹತ್ತಿರ ಓಡಿ ಊರು ಕೇಳುವಂತೆ ಕೂಗಿದಳು. ಕಾಶೀಂಬಿ ಅಲ್ಲೇ ‘ತಪ್ಪಾಯ್ತಕ್ಕಾ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ನಕ್ಕಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ತತ್ತಿಯನ್ನಾದರೂ ಆಯಿ ಮರೆತಾಳು, ಆ ನಗುವನ್ನು ಮಾತ್ರ ಮರೆಯಲಿಲ್ಲ.

ಹಾಗಂತ ಇಬ್ಬರೂ ಸುಮ್ಮನಿದ್ದರೇ? ಆಯಿ ಎಮ್ಮೆಗೆ ಬೈಯುತ್ತಿದ್ದಳು: “ಮಂದಿ ಮರ್ಯಾದಿ ಗೊತ್ತಿಲ್ಲ ನಿಂಗ, ಹಲ್ಲು ಕಿಸಿಯೂದೊಂದು ಗೊತ್ತದ!” ಆಚೆಯಿಂದ ಕಾಶೀಂಬಿ ಕೋಳಿಗೆ ಉತ್ತರ ಹೇಳುತ್ತಿದ್ದಳು: “ಭಾಳ ಸಿಟ್ಟು ಛಲೋ ಅಲ್ಲ ನೋಡ್, ಪಿತ್ತ ಆಗ್ತದ.” ನಮ್ಮ ಎಮ್ಮೆಯಷ್ಟು ಬೈಸಿಕೊಂಡ ಎಮ್ಮೆ ಚಿತ್ತಾಪುರ ತಾಲೂಕಿನಲ್ಲೇ ಇರಲಿಕ್ಕಿಲ್ಲ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಕಾಶೀಂಬಿಗೆ ಹಜ್‌ಗೆ ಹೋಗುವ ಯೋಗ ಬಂತು. ಆ ಕಾಲಕ್ಕೆ ಅದು ಸಣ್ಣ ಪ್ರಯಾಣವೇ? ವಾಡಿಯಲ್ಲಿ ರೈಲು ಹತ್ತಿ ಮುಂಬಯಿ, ಅಲ್ಲಿಂದ ಹಡಗು, ಹೋಗಿ ಬರುವುದಕ್ಕೆ ಮೂರು ನಾಲ್ಕು ತಿಂಗಳು. ಕಾಗಿಣಾ ಹೊಳೆಗಿಂತ ಹೆಚ್ಚು ನೀರು ಕಂಡವಳಲ್ಲ ಅವಳು. ಹೊರಡುವ ಮುಂಚೆ ಮನೆಮನೆಗೂ ಹೋಗಿ ‘ಅಂದದ್ದು ಆಡಿದ್ದು ಮಾಫ್ ಮಾಡ್ರಿ’ ಎಂದು ಕೇಳಬೇಕು, ಅದು ಅವರ ಪದ್ಧತಿ. ಒಬ್ಬರ ಮನಸ್ಸು ನೊಂದಿದ್ದರೂ ಹೋದದ್ದು ಫಲಿಸುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಊರಿನವರೋ ಮಾಫ್ ಮಾಡಲು ಕಾದು ಕೂತವರು. ತಕರಾರೇ ಇಲ್ಲದವರು ಕೂಡ ತಲೆ ಕೆರೆದುಕೊಂಡು ಏನಾದರೊಂದು ಹುಡುಕಿ ತೆಗೆದರು. ಯಾವುದೋ ಕಾಲದಲ್ಲಿ ತನ್ನ ತಕ್ಕಡಿ ಮೋಸದ್ದು ಎಂದಿದ್ದಳೆಂದು ಕಿರಾಣಿ ಸಂಗಪ್ಪ ನೆನಪಿಸಿಕೊಂಡು, ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಬರುವಾಗ ಖಜೂರ ತರಲು ಹೇಳಿದ. ಉಳಿದದ್ದು ನಮ್ಮ ಮನೆಯೊಂದೇ.

ಆಯಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಾಶೀಂಬಿ ಬಂದು ನಿಂತಳು. ಹತ್ತು ವರ್ಷದಲ್ಲಿ ಎಮ್ಮೆ ಕೋಳಿಗಳ ಹಂಗಿಲ್ಲದೆ ಅವರು ಆಡಿದ ಮೊದಲ ಮಾತು ಅದು.

“ಯಕ್ಕಾ, ಅಂದದ್ದು ಆಡಿದ್ದು ಮಾಫ್ ಮಾಡು.”

“ಆಗಂಗಿಲ್ಲ.”

“ಹತ್ತು ವರ್ಷ ಆಯ್ತಲ್ಲ ಯಕ್ಕಾ!”

“ಆಗಲಿ. ಹಣಿ ಅದೇ ಅದ ಅಲ್ಲ?”

ಹಣೆ ಎನ್ನುತ್ತಲೇ ಕಾಶೀಂಬಿಯ ತುಟಿ ಅದುರಿತು. ಪಾಪ, ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆದರೆ ಹೊಟ್ಟೆ ಕುಲುಕುವುದನ್ನು ಎಲ್ಲಿ ಬಚ್ಚಿಡಬೇಕು? “ನೋಡ್ರಿ, ಈಗೂ ನಗಲಿಕತ್ತಾಳ!” ಎಂದು ಆಯಿ ಮೊರ ಎತ್ತಿಕೊಂಡು ಒಳಗೆ ನಡೆದಳು.

ಮಾರನೆಯ ದಿನದಿಂದ ಊರೇ ನಮ್ಮ ಕಟ್ಟೆಗೆ ಬಂತು. ಮೌಲ್ವಿಗಳು ಬಂದರು, ಮಠದ ಅಯ್ಯನವರು ಬಂದರು. ಆಯಿ ಇಬ್ಬರಿಗೂ ಚಹಾ ಕೊಟ್ಟಳು, ಮಾಫಿ ಕೊಡಲಿಲ್ಲ. ಮಾಫ್ ಮಾಡುವ ತನಕ ಉಣ್ಣುವುದಿಲ್ಲ ಎಂದು ಮುತ್ಯಾ ಹಟ ಹಿಡಿದ. ಮಧ್ಯಾಹ್ನ ಝುಣಕದ ಒಗ್ಗರಣೆ ವಾಸನೆ ಬಂದಾಗ, “ಇದೊಂದು ಹೊತ್ತು ಉಣ್ತೀನಿ” ಎಂದು ಎದ್ದು ಕೈ ತೊಳೆದುಕೊಂಡ. ಕಾಶೀಂಬಿ ದಿನಾ ಬಂದಳು, ದಿನಾ ಹಾಗೇ ಹೋದಳು. ಬರಬರುತ್ತ ಅವಳ ಮುಖದ ನಗು ಹೋಯಿತು. ಈ ಹೆಂಗಸಿನಿಂದ ನನ್ನ ಹಜ್ ತಪ್ಪುತ್ತದೆ ಎಂದು ಒಂದು ದಿನ ನಮ್ಮ ಬಾಗಿಲಲ್ಲೇ ಅತ್ತಳು. ನನಗೆ ಆಯಿಯ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ದಿನ ಅವಳ ಮಗ್ಗುಲಲ್ಲಿ ಕೂತು ಉಣ್ಣಲಿಲ್ಲ.

ಹೊರಡುವ ದಿನ ಬಂತು. ವಾಡಿಗೆ ಹೋಗಲು ಗಾಡಿ ಕಟ್ಟಿ ನಿಲ್ಲಿಸಿದ್ದರು. ಕಾಶೀಂಬಿ ಗಾಡಿ ಹತ್ತುವುದು ಬಿಟ್ಟು ನೇರ ನಮ್ಮ ಕಟ್ಟೆಗೆ ಬಂದು ಕೂತುಬಿಟ್ಟಳು. “ಅಕಿ ಮಾಫ್ ಮಾಡ್ಲಿಲ್ಲಂದ್ರ ನಾ ಹೋಗಂಗಿಲ್ಲ.” ಅವಳ ಜೊತೆ ಹೊರಟಿದ್ದ ಮಗ ಉಸ್ಮಾನ್, “ಅಮ್ಮಾ, ರೈಲು ಹೋಗ್ತದ” ಎಂದು ಬಡಕೊಂಡ. ಅವಳು ಅಲುಗಲಿಲ್ಲ. ಓಣಿಗೆ ಓಣಿಯೇ ನೆರೆದು ಆಯಿಯ ಮುಖ ನೋಡುತ್ತಿತ್ತು.

“ನಮ್ಮವ್ವ ಶ್ರೀಶೈಲಕ್ಕ ನಡಕೋತ ಹೊಂಟಾಗ ಎಲ್ಲರ ಕೂಡ ಛಲೋ ಮಾಡ್ಕೊಂಡು ಹೋದಳು,” ಎಂದು ಆಯಿ ಒಮ್ಮೆಲೇ ಚೀರಿದಳು. “ಬಾಜೂ ಮನಿಯಾಕಿ ಕೂಡ, ನೆಗೆಣ್ಣಿ ಕೂಡ, ಒಬ್ಬರದೂ ಉಳಸ್ಲಿಲ್ಲ. ಎಲ್ಲಾ ಮುಗಿಸಿದ ಮ್ಯಾಲ ತಿರುಗಿ ಯಾಕ ಬರ್ತಾಳ? ಬರಲಿಲ್ಲ, ಅಡವ್ಯಾಗೇ ಹೋದಳು. ನಿಂದೂ ಮುಗಿಸಿ ಕಳಸ್ಲೇನು? ಕೊಡಂಗಿಲ್ಲ! ಹೋಗು, ಬಾ. ಬಂದು ಕೇಳು, ಆಗ ಕೊಡ್ತೀನಿ.”

ಕೊನೆಗೆ ಮೌಲ್ವಿಗಳೇ ಗಡ್ಡ ಸವರಿಕೊಂಡು, “ಕೊಡ್ತೀನಂತ ಮಾತು ಕೊಟ್ಟಾಳಲ್ಲ ತಾಯಿ, ಮನಸ್ಸಿನಾಗ ಏನೂ ಇಲ್ಲ. ಹೋಗ್ರಿ ನೀವು” ಎಂದರು. ಕಾಶೀಂಬಿ ಎದ್ದು ಕಣ್ಣೊರೆಸಿಕೊಂಡಳು. ಆಯಿ ಒಳಗೋಡಿ ಒಂದು ಗಂಟು ತಂದು ಗಾಡಿಯಲ್ಲಿ ಒಗೆದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಎರಡು ದಿನದಿಂದ ಬಡಿದದ್ದು, ನಮಗೆ ಒಂದು ಚೂರೂ ಮುಟ್ಟಗೊಡದೆ ಇಟ್ಟದ್ದು.

ಆ ಮೂರೂವರೆ ತಿಂಗಳು ನಮ್ಮ ಎಮ್ಮೆಗೆ ಬೈಗುಳವೇ ಇಲ್ಲ. ಆಯಿ ಗೋಡೆಯ ಮೇಲಿಂದ ಜೋಳ ಚೆಲ್ಲುತ್ತಿದ್ದಳು, ಕೇಳಿದರೆ “ಗುಬ್ಬಿಗಿ” ಎನ್ನುತ್ತಿದ್ದಳು. ಕಾಳೆಲ್ಲ ಕೋಳಿಗಳ ಹೊಟ್ಟೆ ಸೇರುವುದು ನಮಗೆ ಕಾಣುತ್ತಿರಲಿಲ್ಲವೇ? ದಾರಿಯಲ್ಲಿ ಸಿಕ್ಕ ನಮ್ಮ ಮಾಸ್ತರರನ್ನು ನಿಲ್ಲಿಸಿ, “ಸಮುದ್ರದಾಗ ಗಾಳಿ ಬಿಟ್ರ ಹಡಗ ಏನ್ ಮಾಡ್ತದ್ರಿ?” ಎಂದು ಕೇಳುತ್ತಿದ್ದಳು. ಪಾಪ, ಅವರಿಗೂ ಗೊತ್ತಿರಲಿಲ್ಲ.

ಕಾಶೀಂಬಿ ಬಂದಳು. ವಾಡಿಯಿಂದ ಬಂದ ಗಾಡಿ ಇಳಿದು, ತನ್ನ ಮನೆಗೂ ಹೋಗದೆ, ಕಪ್ಪಾಗಿ ಬಡಕಲಾಗಿ ನಮ್ಮ ಬಾಗಿಲಲ್ಲಿ ನಿಂತು ಕೈ ಚಾಚಿದಳು: “ಬಂದೀನಿ. ಕೊಡು ನಂದು.” ಆಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಎಷ್ಟು ಸೊರಗೀದಿ. ಮೊದಲ ಉಣ್ಣು” ಎಂದಳು. ಉಂಡಾದ ಮೇಲೆ, “ಇವತ್ತ ಅಮಾಸಿ, ಆಗಂಗಿಲ್ಲ” ಎಂದಳು. ಆಮೇಲೆ ಅದೇ ರೂಢಿಯಾಯಿತು. ಮೊಮ್ಮಗನ ಮದುವೆಗೆಂದು ಚಿಂಚೋಳಿಗೆ ಹೊರಟರೂ ಕಾಶೀಂಬಿ ಬಂದು ಕೇಳಬೇಕು, ಆಯಿ “ಹೋಗು, ಬಾ, ಬಂದ ಮ್ಯಾಲ ನೋಡಮು” ಎನ್ನಬೇಕು. ಹನ್ನೆರಡು ವರ್ಷ ಕಾಶೀಂಬಿ ಎಲ್ಲಿಗೆ ಹೋದರೂ ಸರಿಯಾಗಿ ತಿರುಗಿ ಬಂದಳು.

ಮೊದಲು ಹೊರಟವಳು ಆಯಿ. ನಾನು ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ಮಧ್ಯಾಹ್ನ ಮಂಚದ ಪಕ್ಕ ನಾನು, ಕಾಶೀಂಬಿ ಇಬ್ಬರೇ. ಆಯಿ ಅವಳ ಕೈ ಹಿಡಿದು, “ಕಾಶೀಂ, ಸಾಕಿನ್ನ. ಮಾಫ್ ಮಾಡೀನಿ ನೋಡು” ಎಂದಳು. ಇಪ್ಪತ್ತೆರಡು ವರ್ಷ ಕಾದ ಮಾತು! ಕಾಶೀಂಬಿ ಎರಡೂ ಕಿವಿ ಮುಚ್ಚಿಕೊಂಡು, “ನಂಗ ಕೇಳ್ಸಿಲ್ಲ, ಏನೂ ಕೇಳ್ಸಿಲ್ಲ ನಂಗ” ಎನ್ನುತ್ತ ಎದ್ದು ಹೊರಗೆ ಓಡಿಹೋದಳು. ಆಯಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮಾರನೆಯ ದಿನ, ರಾತ್ರಿ ತೀರಿಕೊಂಡ ಆಯಿಯನ್ನು ನಮ್ಮವರ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಯ ತುಂಬ ವಿಭೂತಿ. ಯಾರೋ ಹೆಂಗಸು ಅಳುತ್ತಲೇ ಕಾಶೀಂಬಿಯನ್ನು ಕೇಳಿದಳು, “ಕಡೀಕಾದ್ರೂ ಮಾಫ್ ಮಾಡಿದಳೇನವ್ವಾ?” ಕಾಶೀಂಬಿ ನನ್ನ ಕಡೆ ಒಂದು ಸಲ ನೋಡಿದಳು. ನಾನು ತಲೆ ತಗ್ಗಿಸಿದೆ.

“ಇಲ್ಲ,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಇನ್ನಾ ಕೊಟ್ಟಿಲ್ಲ ಅಕಿ. ಕೊಡ್ಲಿಕ್ಕ ತಿರುಗಿ ಬರಬೇಕಾಗ್ತದ.”