ಗುಹೆಯೋ, ಸುರಂಗವೋ
ಬಾವಿಯ ಹೂಳು ತೆಗೆಯುವಾಗ ದಂಡೆ ಕುಸಿದು ಅಣ್ಣ ಎದೆಮಟ್ಟ ಮಣ್ಣಿನಲ್ಲಿ ಹೂತುಹೋಗಿದ್ದ. ಮೇಲೆ ನಿಂತು ನೋಡಿದವನು ನಾನು. ಅವನಿಗೆ ಅದರ ಭಯ ಹೋಗಿದೆ; ನನಗೆ ಮಣ್ಣು ಕುಸಿದ ಸದ್ದು ಈಗಲೂ ಕೇಳುತ್ತದೆ.

ಐ.ಡಿ.ಹಳ್ಳಿಯ ಮನೆಯಲ್ಲಿ ಸಂಜೆ ಇಬ್ಬರೂ ಮೊಬೈಲಿನಲ್ಲಿ ಕಲ್ಲಿನ ಚೌಕಗಳನ್ನು ಅಗೆಯುವ ಆಟ ಆಡುತ್ತೇವೆ. ಅದಿರಿಗಾಗಿ ನಾನು ನೇರ ಸುರಂಗ ಕೊರೆಯುತ್ತೇನೆ. ನಿಧಾನ, ಸಿಗುವುದೂ ಕಡಿಮೆ, ಆದರೆ ಚಾವಣಿ ಗಟ್ಟಿ. ಅವನು ಗುಹೆಗೆ ನುಗ್ಗುತ್ತಾನೆ. ಅಲ್ಲಿ ಗೋಡೆಯಲ್ಲೇ ಕಬ್ಬಿಣ ಕಾಣುತ್ತದೆ, ಜಲ್ಲಿಯೂ ತಲೆಯ ಮೇಲೆ ಸುರಿಯುತ್ತದೆ.

“ಬಾವಿಯೊಳಗಿದ್ದೋನು ನಾನು ಕಣ್ಲಾ, ನಿಂಗ್ಯಾಕೆ ಪುಕ್ಲು? ಬಾರ್ಲಾ!”

“ದಂಡೆ ಜಾರಿದ್ದು ನಿಂಗೆ ಕಾಣ್ಲಿಲ್ಲ. ನಂಗೆ ಕಾಣುಸ್ತು.”

ನಿನ್ನೆ ಸುಸ್ತಾಗಿ ವಾದ ಬಿಟ್ಟು ಅವನ ಹಿಂದೆಯೇ ಗುಹೆಗಿಳಿದೆ. ಅವನು ಅದಿರು ಕೀಳುತ್ತಾ ಹೋದ. ನಾನು ಒಂದನ್ನೂ ಕೀಳದೆ, ಅವನ ಮೇಲೆ ಜಲ್ಲಿ ಬೀಳದಂತೆ ಕಲ್ಲು ಜೋಡಿಸುತ್ತಾ ಹೋದೆ.